ಒಂದೇ ಕಾಲು ಊದಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ

ಮೂಳೆ ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ನಾನು ಮೊದಲು ಹೇಳುವುದು, ಜೇಬಿನಲ್ಲಿ ಒಂದು ಅಳತೆ ಟೇಪ್ ಇಟ್ಟುಕೊಳ್ಳಿ ಅಂತ. ಟೈಲರ್ ಟೇಪೇ ಸಾಕು. ತೊಡೆಮೂಳೆ ಮುರಿದುಕೊಂಡು ಮಲಗಿದವರಿಗೆ, ಮಂಡಿ ಆಪರೇಷನ್ ಆದವರಿಗೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಇದಕ್ಕೇ ಡಿವಿಟಿ ಎನ್ನುವುದು. ಮಂಡಿ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಪೆನ್ನಿನಲ್ಲಿ ಗೆರೆ ಹಾಕಿ, ಎರಡೂ ಮೀನಖಂಡದ ಸುತ್ತಳತೆ ತೆಗೆಯಬೇಕು. 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳಲೇಬೇಕು. ಆಪರೇಷನ್ ಆದ ಕಾಲು ಹೇಗೂ ಊದಿರುತ್ತದೆ ಅಲ್ವಾ, ಹಾಗಾಗಿ ನಿನ್ನೆಯ ಅಳತೆಯ ಪಕ್ಕದಲ್ಲಿ ಇವತ್ತಿನದನ್ನು ಬರೆದು ನೋಡಿದರೇ ಗೊತ್ತಾಗುವುದು.

ಎರಡೂ ಕಾಲು ಒಟ್ಟಿಗೆ ಊದಿದ್ದರೆ ಹೃದಯ, ಕಿಡ್ನಿ ಕಡೆ ಯೋಚನೆ ಹೋಗುತ್ತದೆ. ಒಂದೇ ಕಾಲು ಊದಿ, ಮುಟ್ಟಿದರೆ ಬಿಸಿ ಅನ್ನಿಸಿ, ಮೀನಖಂಡ ನೋಯುತ್ತಿದ್ದರೆ ಡಾಪ್ಲರ್ ಸ್ಕ್ಯಾನ್ (ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್) ಆಗುವವರೆಗೆ ಅದು ಹೆಪ್ಪೇ ಎಂದುಕೊಂಡು ನಡೆಯುವುದು ಒಳ್ಳೆಯದು. ಅಷ್ಟರಲ್ಲಿ ಮನೆಯವರು "ಸಿಸ್ಟರ್, ನರ ಹಿಡಿದಿರಬೇಕು, ಸ್ವಲ್ಪ ಎಣ್ಣೆ ಹಚ್ಚಿ ತಿಕ್ಲಾ?" ಎಂದು ಕೇಳುತ್ತಾರೆ. ಬೇಡವೇ ಬೇಡ. ಹೆಪ್ಪು ಒಡೆದು ಒಂದು ಚೂರು ಮೇಲೆ ಹೊರಟರೆ, ತೊಡೆ, ಹೊಟ್ಟೆಯ ದೊಡ್ಡ ರಕ್ತನಾಳ, ಹೃದಯದ ಬಲಭಾಗ ಎಲ್ಲ ದಾಟಿ ನೇರ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಆಗ ಇದ್ದಕ್ಕಿದ್ದಂತೆ ಏದುಸಿರು ಬರುತ್ತದೆ. ಉಸಿರು ಎಳೆದುಕೊಂಡಾಗ ಎದೆ ಚುಚ್ಚುತ್ತದೆ, ನಾಡಿ ಓಡುತ್ತದೆ, ಕೆಲವರಿಗೆ ಕೆಮ್ಮಿದರೆ ರಕ್ತ ಬರುತ್ತದೆ, ಕೆಲವರು ಬಾತ್‌ರೂಮಿಗೆ ಎದ್ದವರು ಅಲ್ಲೇ ಕುಸಿಯುತ್ತಾರೆ. ಇದನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿಸಿ ಮಲಗಿಸುವುದು ನಮ್ಮ ಕಡೆ ತುಂಬಾ ಮಾಮೂಲು. ಕಾಲಿನಲ್ಲಿ ಏನೂ ಕಾಣಿಸದೆಯೂ ಹೀಗಾಗಬಹುದು, ಅದಕ್ಕೇ ಕಾಲು ಸರಿ ಇದೆ ಎಂದು ಸುಮ್ನೆ ಕೂರುವಂತಿಲ್ಲ.

ಕ್ಯಾನುಲಾ, ಅಂದರೆ ಡ್ರಿಪ್ ಕೊಡುವ ಸಣ್ಣ ಕೊಳವೆ, ಹಾಕಿದ ಕೈಯಲ್ಲಿ ನಾಳ ಕೆಂಪಾಗಿ ಹಗ್ಗದ ಹಾಗೆ ಗಟ್ಟಿಯಾದರೆ ಅದು ಚರ್ಮದ ಕೆಳಗೇ ಇರುವ ಮೇಲಿನ ನಾಳದ ತೊಂದರೆ. ಕ್ಯಾನುಲಾ ತೆಗೆದು ಬೇರೆ ಕಡೆ ಹಾಕುತ್ತೇವೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಪೂರ್ತಿ ತೋಳೇ ಊದಿಕೊಂಡರೆ ಮಾತ್ರ ಬೇರೆ ಮಾತು.

ಇಲ್ಲಿಯವರೆಗೆ ಹೇಳಿದ್ದು ಹೃದಯಕ್ಕೆ ರಕ್ತ ವಾಪಸ್ ತರುವ ನಾಳದ ಮಾತು; ಹೃದಯದಿಂದ ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಲಕ್ಷಣ ಪೂರ್ತಿ ಉಲ್ಟಾ. ಕಾಲು ಊದುವುದಿಲ್ಲ, ತಣ್ಣಗಾಗಿ ಬಿಳುಚಿಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಪಾದದ ಮೇಲೆ ಬೆರಳಿಟ್ಟರೆ ನಾಡಿ ಸಿಗುವುದಿಲ್ಲ, ನೋವಂತೂ ತಡೆಯಲಾಗದಷ್ಟು. ಹೃದಯ ಬಡಿತ ತಪ್ಪುವ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಸುಮಾರು 6 ಗಂಟೆ ದಾಟಿದರೆ ಕಾಲು ಉಳಿಸುವುದು ಕಷ್ಟ. ಅಂಥದ್ದೇ ಹೆಪ್ಪು ಮೆದುಳಿಗೆ ಹೋದರೆ ಬಾಯಿ ಸೊಟ್ಟಗಾಗುತ್ತದೆ, ಒಂದು ಕೈ ಬೀಳುತ್ತದೆ, ಮಾತು ತೊದಲುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಅವಕಾಶ, ಅದಕ್ಕೇ ಆಸ್ಪತ್ರೆಯಲ್ಲಿ "ಕೊನೆಗೆ ಸರಿ ಇದ್ದದ್ದು ಎಷ್ಟು ಹೊತ್ತಿಗೆ?" ಎಂದು ಮೊದಲು ಕೇಳುತ್ತಾರೆ. ಗಡಿಯಾರ ನೋಡಿಕೊಂಡೇ 108ಕ್ಕೆ ಫೋನ್ ಮಾಡಿ.

ಹೆರಿಗೆ ವಾರ್ಡಿನಲ್ಲಿದ್ದಾಗ ನನಗೆ ಸಿಟ್ಟು ಬರಿಸುತ್ತಿದ್ದದ್ದು ಬಾಣಂತಿಗೆ ನೀರು ಕೊಡದಿರುವ ಪದ್ಧತಿ. ಹೆರಿಗೆಯಾದ ಮೊದಲ ಕೆಲವು ವಾರ ರಕ್ತ ಹೇಗೂ ಬೇಗ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಗುಟುಕು ಗುಟುಕು ನೀರಿನಲ್ಲಿ ದಿನ ದೂಡಿಸಿದರೆ ಹೇಗೆ? ಮೆದುಳಿನಿಂದ ರಕ್ತ ವಾಪಸ್ ತರುವ ನಾಳದಲ್ಲಿ ಹೆಪ್ಪು ಕಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ಬಹಳ ವರ್ಷಗಳಿಂದ ಬರೆದಿದ್ದಾರೆ. ಬಿಡದೆ ಕಾಡುವ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್. ಮನೆಯಲ್ಲಿ ಬಾಣಂತಿ ಸನ್ನಿ ಎಂದು ತಾಯತ ಕಟ್ಟಿಸುತ್ತಾ ಕೂರುತ್ತಾರೆ. ಅಜ್ಜಿಯರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ, ಅದಕ್ಕೇ ನಾನು "ತಣ್ಣೀರು ಬೇಡ ಅಂದ್ರೆ ಬೇಡ ಅಜ್ಜಿ, ಜೀರಿಗೆ ಹಾಕಿ ಕಾಯಿಸಿದ್ದನ್ನೇ ಕೊಡಿ, ಆದ್ರೆ ಚೊಂಬು ತುಂಬಾ ಕೊಡಿ" ಎನ್ನುತ್ತಿದ್ದೆ. ಅದಕ್ಕೆ ಹೆಚ್ಚಿನವರು ಒಪ್ಪುತ್ತಿದ್ದರು.