ಹಿನ್ನೀರಿನ ದಂಡೆಯಲ್ಲಿ ಚಪ್ಪಲಿ ಬೆಂಡು

ಕೊಪ್ಪಳದವರಿಗೆ ಸಮುದ್ರ ಎಲ್ಲಿಂದ ಬರಬೇಕು? ನಮಗಿರೋದು ತುಂಗಭದ್ರಾ ಡ್ಯಾಮಿನ ಹಿನ್ನೀರು. ಮಧ್ಯಾಹ್ನ ಗಾಳಿ ಎದ್ದರೆ ಅಲ್ಲೂ ಅಲೆ ದಂಡೆಗೆ ಬಡಿಯುತ್ತವೆ, ಸಾಕಲ್ವಾ?

ಫೆಬ್ರವರಿಯ ಒಂದು ಭಾನುವಾರ ಗೆಳೆಯರೆಲ್ಲ ಗಾಳ ಹಿಡಿದು ಹೊರಟೆವು. ದಾರಿಯಲ್ಲಿ ಒಗ್ಗರಣಿ-ಮಿರ್ಚಿ ಆಯಿತು. ಡ್ಯಾಮಿನ ಕೆಳಗಿನ ಹೊಳೆ ಬೇಡ ಅಂತ ಮೊದಲೇ ಮಾತಾಗಿತ್ತು. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿಗಳಿಗೆ ಮೀಸಲು. ಹಿನ್ನೀರಲ್ಲೂ ಸುಮ್ನೆ ಹೋಗಿ ದಾರ ಬಿಡಬೇಡಿ, ಅಲ್ಲಿನ ಮೀನುಗಾರರನ್ನು ಕೇಳಿ. ನಮಗೆ ಸಿದ್ದುವಿನ ಪರಿಚಯದ ಅಜ್ಜ ಇದ್ದರು.

ಸಿದ್ದು ಪೇಟೆಯಿಂದ ಗಾಳದ ದಾರಕ್ಕೆ ಕಟ್ಟಿ ತೇಲಿಸುವ ಬಣ್ಣಬಣ್ಣದ ಬೆಂಡು ತಂದಿದ್ದ. ಅಜ್ಜನ ಬೆಂಡು ಹಳೇ ಹವಾಯಿ ಚಪ್ಪಲಿಯ ತುಂಡು, ನಡುವೆ ಕಾಯಿಸಿದ ಮೊಳೆಯಿಂದ ಮಾಡಿದ ತೂತು. ಸಣ್ಣ ಅಲೆಗೆಲ್ಲ ಕುಣಿಯದೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಬಕೆಟ್ಟಿನಿಂದ ಬೆರಳುದ್ದದ ಒಂದು ಮೀನು ಎತ್ತಿ, ಬೆನ್ನಿನ ರೆಕ್ಕೆಯ ಬುಡದಲ್ಲಿ ಚರ್ಮಕ್ಕಷ್ಟೇ ಗಾಳ ಚುಚ್ಚಿದರು. ನೀರಿಗೆ ಬಿಟ್ಟ ಕೂಡಲೇ ಅದು ಏನೂ ಆಗದವರಂತೆ ಈಜಿತು.

“ಮೂಳಿಗೆ ತಾಗಿದ್ರ ಸತ್ತು ಹೋಗ್ತೈತಿ. ಸತ್ತದ್ದನ್ನ ಕೊರವ ಮೂಸಂಗಿಲ್ಲ,” ಅಂದರು.

ಜೊಂಡಿನ ಹತ್ತಿರ ಬೆಂಡು ಬಿಟ್ಟು ಕೂತೆವು. ಕೊರವ ಮೀನು ಗಾಳಿ ಕುಡಿಯಲು ಮೇಲೆ ಬರುತ್ತದೆ. ಅಲ್ಲೊಂದು ಗುಳುಕ್ ಶಬ್ದ ಕೇಳಿದರೆ ಅಜ್ಜ ಆ ಕಡೆಗೇ ಕೈ ತೋರಿಸುತ್ತಿದ್ದರು. ನಾವು ತಿರುಗುವಷ್ಟರಲ್ಲಿ ನೀರಿನ ಬಳೆಯಷ್ಟೇ ಉಳಿದಿರುತ್ತಿತ್ತು.

“ಅಜ್ಜಾರ, ಜಾಸ್ತಿ ಸಿಗೋದು ಯಾವಾಗ್ರಿ?” ಸಿದ್ದು ಕೇಳಿದ.

“ಮಳಿಗಾಲದಾಗ ಸಲೀಸು. ಕೆಂಪನ್ನ ಮರಿ ಹಿಂಡು ಹಿಂಡು ಮ್ಯಾಲೆ ಆಡ್ತಾವ. ಕೆಳಗ ತಾಯಿ-ತಂದಿ ಕಾಯ್ಕೊಂತ ಇರ್ತಾವ. ಅದರಾಗ ಗಾಳ ಬಿಟ್ರ ಸಿಟ್ಟಿಗೇ ಬಂದು ಕಚ್ತಾವ.”

“ಹಂಗಾರ ಆವಾಗ್ಲೇ ಬರ್ತೀವಿ ತಗೋರಿ.”

“ಬರಬ್ಯಾಡ ತಮ್ಮಾ. ಆವಾಗ ನಾ ಹಾಕಂಗಿಲ್ಲ, ಯಾರಿಗೂ ಹಾಕಗೊಡಂಗಿಲ್ಲ. ಕಾಯೋದನ್ನ ಎತ್ತಿದ್ರ ಮರಿ ಉಳಿದ ಮೀನಿನ ಬಾಯಿಗೆ. ಮುಂದಿನ ವರ್ಷ ನಾ ಏನ್ ಹಿಡೀಲಿ?”

ಸಿದ್ದು ವಾದಕ್ಕಿಳಿದ. ಬಲೆ ಹಾಕೋರು ಬಿಡ್ತಾರಾ ಅಂದ. ಅಜ್ಜ ಬೀಡಿ ಹಚ್ಚಿಕೊಂಡು, “ಅವರ ಲೆಕ್ಕ ಅವರಿಗೆ” ಅಂದು ನೀರು ನೋಡುತ್ತ ಕೂತರು. ವಾದ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಸಿದ್ದುವಿನ ಬೆಂಡು ಕುಕ್ಕಿತು. ಅವನು ಎಳೆಯಲು ಹೋದ. “ತಡಿ, ಈಗ ಬರೀ ಬಾಯಾಗೈತಿ, ನುಂಗ್ಲಿ!” ಬೆಂಡು ಮುಳುಗಿ ಜೊಂಡಿನ ಕಡೆ ಸರಿಯತೊಡಗಿದ ಮೇಲೆ ಎಳೆದ. ಮೊಳದುದ್ದದ ಕೊರವ ಅರ್ಧ ಮೇಲೆ ಬಂತು. ಟಪ್! ಹೊಸ ದಾರ ಹರಿಯಿತು. ಗಂಟಿನ ಹತ್ತಿರ ಅಲ್ಲ, ನಟ್ಟನಡುವೆ. ಅಂಗಡಿಯವನು ಆ ದಾರದ ಉಂಡೆಗಳನ್ನು ಬಿಸಿಲಿಗೆ ನೇತುಹಾಕಿರೋದನ್ನು ಆಮೇಲೆ ಹೋಗಿ ನೋಡಿದೆವು. ಬಿಸಿಲಿಗೆ ದಾರದ ಕಸುವೇ ಹೋಗಿತ್ತು. “ಒಳ್ಳೇ ಕಂಪನಿ ಸಾರ್” ಅಂತ ಡಬಲ್ ರೇಟು ಬೇರೆ ತಗೊಂಡಿದ್ದ. ನೈಲಾನ್ ದಾರ ಕೊಳ್ಳುವಾಗ ಒಂದು ಮಾರು ಬಿಚ್ಚಿ, ಗಂಟು ಹಾಕಿ, ಜಗ್ಗಿ ನೋಡಿ. ಅಂಗಡಿಯವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಆಮೇಲೆ ಗಾಳಿ ಎದ್ದಿತು, ಬೆಂಡು ನಿಲ್ಲಲಿಲ್ಲ. ಮುನಿರಾಬಾದ್ ಕಡೆ ಕೆಂಪು ಬಣ್ಣ ಮೆತ್ತಿದ ಮೀನಿನ ಫ್ರೈ ತಿಂದೆವು. ನನಗೆ ಅದು ಎಂದೂ ಸೇರಲ್ಲ, ಮಸಾಲೆಯಲ್ಲಿ ಮೀನಿನ ರುಚಿಯೇ ಸತ್ತಿರುತ್ತದೆ. ಅಜ್ಜ ಅವತ್ತು ಎರಡು ಕೊರವ ಹಿಡಿದಿದ್ದರು. ಒಂದನ್ನು ನಾವು ಕೊಂಡೆವು, ಚೌಕಾಸಿ ಮಾಡಲಿಲ್ಲ. ರಾತ್ರಿ ಸಿದ್ದುವಿನ ಮನೆಯಲ್ಲಿ ಹುಣಸೆಹುಳಿ ಹಿಂಡಿದ ಸಾರು, ಜೋಳದ ರೊಟ್ಟಿ. ಅವನ ಹೆಂಡತಿ ಬಡಿಸುತ್ತ, “ಇದು ನೀವೇ ಹಿಡಿದದ್ದಾ?” ಅಂತ ಕೇಳಿದಳು. ಸಿದ್ದು ಇನ್ನೊಂದು ರೊಟ್ಟಿ ಕೇಳಿದ.