ಜರ್ಮನಿಯಲ್ಲಿ ಟೊರೆಂಟ್ ನೋಟಿಸ್ ಬಂದರೆ: ಸಹಿ ಹಾಕುವ ಮುಂಚೆ

ಜರ್ಮನಿಗೆ ಓದಲು ಬಂದ ನಮ್ಮ ಹುಡುಗ ಹುಡುಗಿಯರು ಊರಿನ ಅಭ್ಯಾಸದಲ್ಲೇ ಟೊರೆಂಟ್ ಹಾಕಿ ಒಂದು ಸಿನಿಮಾ ಇಳಿಸಿಕೊಳ್ಳುತ್ತಾರೆ. ಸ್ವಲ್ಪ ದಿನದ ಮೇಲೆ ಅಂಚೆಪೆಟ್ಟಿಗೆಯಲ್ಲಿ ವಕೀಲರ ಕಚೇರಿಯ ದಪ್ಪ ಲಕೋಟೆ. ಇದಕ್ಕೆ ಅಬ್‌ಮಾನುಂಗ್ ಎನ್ನುತ್ತಾರೆ. ಒಳಗೆ ಪುಟಗಟ್ಟಲೆ ಜರ್ಮನ್, ನೂರಾರು ಯೂರೋ ಬೇಡಿಕೆ, ಚಿಕ್ಕ ಗಡುವು, ಸಹಿಗೆ ಸಿದ್ಧವಾದ ಒಂದು ಫಾರಂ. ವೀಸಾಕ್ಕೆ ಕುತ್ತು ಬಂತು ಎಂದು ಹೆದರಿ ಅದೇ ರಾತ್ರಿ ಸಹಿ ಹಾಕಿ ದುಡ್ಡು ಕಟ್ಟುವವರಿದ್ದಾರೆ, ಹರಿದು ಬಿಸಾಡುವವರೂ ಇದ್ದಾರೆ. ಎರಡೂ ದುಬಾರಿ ತಪ್ಪುಗಳೇ. ಬಂದಿರುವುದು ಪೊಲೀಸ್ ಕೇಸ್ ಅಲ್ಲ, ಖಾಸಗಿ ಪಕ್ಷದ ಸಿವಿಲ್ ಬೇಡಿಕೆ.

"ನಾನೊಬ್ಬನೇ ನೋಡಿದ್ದು, ಯಾರಿಗೂ ಕೊಟ್ಟಿಲ್ಲ" ಎಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಟೊರೆಂಟ್‌ನಲ್ಲಿ ಕಡತ ಇಳಿಯುತ್ತಿರುವಾಗಲೇ ಅದರ ತುಣುಕುಗಳು ನಿಮ್ಮ ಕಂಪ್ಯೂಟರ್‌ನಿಂದ ಬೇರೆಯವರಿಗೆ ಹೋಗುತ್ತಿರುತ್ತವೆ. ಆರೋಪ ಮುಖ್ಯವಾಗಿ ಆ ಹಂಚಿಕೆಯದು. ಹಕ್ಕುದಾರರ ಪರ ನಿಗಾ ಇಡುವ ಕಂಪನಿ ಐಪಿ ವಿಳಾಸ (ಇಂಟರ್ನೆಟ್ ಕನೆಕ್ಷನ್‌ನ ಗುರುತಿನ ಸಂಖ್ಯೆ) ಮತ್ತು ಸಮಯವನ್ನು ಬರೆದುಕೊಳ್ಳುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 101ನೇ ಕಲಮಿನಡಿ ಕೋರ್ಟಿನ ಆದೇಶ ತಂದರೆ ಇಂಟರ್ನೆಟ್ ಕಂಪನಿ ಹೆಸರು ಕೊಡುತ್ತದೆ. ಹಾಗೆ ಸಿಗುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರು, ಇಳಿಸಿದವರದ್ದಲ್ಲ. ನಾಲ್ಕು ಜನ ಇರುವ ಹಂಚಿಕೆ ಮನೆಯಲ್ಲಿ ಈ ವ್ಯತ್ಯಾಸವೇ ದೊಡ್ಡದು.

ಮೊದಲು ಪತ್ರ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿಡಿ. ಯಾವ ಕೃತಿ, ಹಕ್ಕುದಾರರು ಯಾರು, ಐಪಿ ವಿಳಾಸ, ದಿನಾಂಕ, ಸಮಯ ಎಲ್ಲವೂ ಇವೆಯೇ ನೋಡಿ. ವಕೀಲರ ಹೆಸರು ಜರ್ಮನ್ ವಕೀಲರ ಅಧಿಕೃತ ಆನ್‌ಲೈನ್ ಪಟ್ಟಿಯಲ್ಲಿದೆಯೇ ಹುಡುಕಿ. ಜಿಪ್ ಕಡತ ಲಗತ್ತಿಸಿ ಇಮೇಲ್‌ನಲ್ಲಿ ಬರುವ ನಕಲಿ ನೋಟಿಸ್‌ಗಳಿವೆ, ಅಂಥ ಲಗತ್ತನ್ನು ತೆರೆಯಬೇಡಿ. ನೋಟಿಸ್ ಕಳಿಸಿದ ಕಚೇರಿಗೆ ನೀವಾಗಿ ಫೋನ್ ಮಾಡಲೂ ಹೋಗಬೇಡಿ. ಗಾಬರಿಯಲ್ಲಿ ಬಾಯಿಂದ ಜಾರಿದ ಮಾತು ನಿಮ್ಮ ವಿರುದ್ಧವೇ ನಿಲ್ಲುತ್ತದೆ.

ಪತ್ರದಲ್ಲಿ ಬೇಡಿಕೆ ಒಂದಲ್ಲ, ಎರಡು. ಒಂದು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂಬ ಮುಚ್ಚಳಿಕೆ. ಇನ್ನೊಂದು ದುಡ್ಡು. ಎರಡಕ್ಕೂ ಬೇರೆಬೇರೆಯಾಗಿಯೇ ಉತ್ತರ ಕೊಡಬೇಕು.

ಮುಚ್ಚಳಿಕೆಯೇ ಹೆಚ್ಚು ಅಪಾಯದ ಕಾಗದ. ಅವರು ಕಳಿಸಿದ ಫಾರಂನಲ್ಲಿ ಎಷ್ಟೋ ಸಲ ತಪ್ಪೊಪ್ಪಿಗೆ, ಪೂರ್ತಿ ಮೊತ್ತ ಕಟ್ಟುವ ಒಪ್ಪಿಗೆ, ಮತ್ತೆ ಸಿಕ್ಕಿಬಿದ್ದರೆ ಇಷ್ಟು ಸಾವಿರ ಯೂರೋ ದಂಡ ಎಂಬ ವಾಕ್ಯ, ಎಲ್ಲ ಸೇರಿಕೊಂಡಿರುತ್ತವೆ. ಅದಕ್ಕೇ ಇಲ್ಲಿನ ವಕೀಲರು ತಿದ್ದಿದ ಮುಚ್ಚಳಿಕೆ ಕಳಿಸುತ್ತಾರೆ. ಅದರಲ್ಲಿ "ಕಾನೂನು ಹೊಣೆಯನ್ನು ಒಪ್ಪಿಕೊಳ್ಳದೆ, ಆದರೂ ಬದ್ಧತೆಯಿಂದ" ಎಂಬ ಸಾಲಿರುತ್ತದೆ, ದಂಡಕ್ಕೆ ಅಂಕಿ ಇರುವುದಿಲ್ಲ. ಮುಂದೆ ದಂಡ ಕೇಳಿದರೆ ಆ ಮೊತ್ತ ನ್ಯಾಯವಾಗಿದೆಯೇ ಎಂದು ಕೋರ್ಟ್ ಪರಿಶೀಲಿಸಬಹುದು. ಆ ಒಂದೇ ಕೃತಿಗೆ ಸೀಮಿತಗೊಳಿಸಬೇಕೋ, ಹಕ್ಕುದಾರರ ಬೇರೆ ಕೃತಿಗಳನ್ನೂ ಸೇರಿಸಬೇಕೋ ಎಂಬುದನ್ನು ವಕೀಲರ ಜೊತೆ ಕೂತು ತೀರ್ಮಾನಿಸಿ. ಬರೆದುಕೊಟ್ಟ ಮೇಲೆ ಅದು ವರ್ಷಗಟ್ಟಲೆ ಬೆನ್ನಿಗಿರುತ್ತದೆ. ಸಹಿಗೆ ಮುಂಚೆ ಟೊರೆಂಟ್ ತಂತ್ರಾಂಶದಲ್ಲಿ ಆ ಹಂಚಿಕೆ ಪೂರ್ತಿ ನಿಂತಿದೆಯೇ ನೋಡಿಕೊಳ್ಳಿ. ಹಿನ್ನೆಲೆಯಲ್ಲಿ ಅದು ಓಡುತ್ತಲೇ ಇದ್ದರೆ ದಂಡದ ಷರತ್ತು ಮೈಮೇಲೆ ಬರುತ್ತದೆ.

ಗಡುವು ದಾಟಿದರೆ ಅವರು ಕೋರ್ಟಿನಿಂದ ತುರ್ತು ತಡೆಯಾಜ್ಞೆ ತರಬಹುದು, ಅದರ ಖರ್ಚು ನೋಟಿಸ್‌ಗಿಂತ ಹೆಚ್ಚು.

ದುಡ್ಡಿನಲ್ಲೂ ಎರಡು ಪಾಲು. 2013ರ ತಿದ್ದುಪಡಿಯ ಮೇಲೆ, ವ್ಯಾಪಾರಕ್ಕಲ್ಲದೆ ಇಳಿಸಿದ ಸಾಮಾನ್ಯ ವ್ಯಕ್ತಿಯ ಮೊದಲ ಪ್ರಕರಣದಲ್ಲಿ ತಡೆ ಬೇಡಿಕೆಯ (ಮುಚ್ಚಳಿಕೆ ಕೇಳುವ ಬೇಡಿಕೆಯ) ಮೌಲ್ಯವನ್ನು 1,000 ಯೂರೋ ಎಂದು ಹಿಡಿದು ವಕೀಲರ ಶುಲ್ಕ ಲೆಕ್ಕ ಹಾಕಬೇಕು. ಆ ಪಾಲು ಇನ್ನೂರು ಯೂರೋ ಒಳಗೇ ಬರುತ್ತದೆ. ಉಳಿದದ್ದು ನಷ್ಟ ಪರಿಹಾರ. ಚೌಕಾಸಿಗೆ ಜಾಗ ಇರುವುದು ಅಲ್ಲೇ, ಕಂತಿಗೂ ಅಲ್ಲೇ ಕೇಳಿ.

ಇಳಿಸಿದ್ದು ನೀವಲ್ಲದಿದ್ದರೆ ಬರೀ "ನಾನಲ್ಲ" ಎಂದರೆ ಸಾಲದು. ಆ ಹೊತ್ತಿನಲ್ಲಿ ಕನೆಕ್ಷನ್ ಬೇರೆ ಯಾರ ಕೈಗೆ ಸಿಗುತ್ತಿತ್ತು, ನೀವು ಎಲ್ಲಿದ್ದಿರಿ ಎಂಬುದನ್ನು ವಿವರವಾಗಿ ಹೇಳುವ ಹೊಣೆ ನಿಮ್ಮದು. ಕಾರಣವಿಲ್ಲದೆ ವಯಸ್ಕ ಅತಿಥಿಗಳಿಗೋ ಜೊತೆವಾಸಿಗಳಿಗೋ ಮೊದಲೇ ಬುದ್ಧಿ ಹೇಳಬೇಕಾಗಿಲ್ಲ ಎಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2016ರಲ್ಲಿ ಹೇಳಿದೆ. ಆದರೆ ಸುಳ್ಳು ಹೇಳಿ ಗೆಳೆಯನ ತಲೆಗೆ ಕಟ್ಟಬೇಡಿ. ಕೋರ್ಟಿನಲ್ಲಿ ಸುಳ್ಳು ಹೇಳಿದರೆ ಸಿವಿಲ್ ವಿಷಯ ಕ್ರಿಮಿನಲ್ ಆಗುತ್ತದೆ.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. ಆದಾಯ ಕಡಿಮೆ ಇದ್ದರೆ ನಿಮ್ಮೂರಿನ ಆಮ್ಟ್ಸ್‌ಗೆರಿಕ್ಟ್‌ಗೆ (ಸ್ಥಳೀಯ ಕೋರ್ಟಿಗೆ) ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಒಯ್ದು ಬೆರಾಟುಂಗ್ಸ್‌ಹಿಲ್ಫೆ, ಅಂದರೆ ಕಾನೂನು ಸಲಹೆಯ ನೆರವಿನ ಚೀಟಿ ಕೇಳಿ. ಚೀಟಿ ಸಿಕ್ಕರೆ ವಕೀಲರಿಗೆ ನೀವು ಕೊಡುವುದು 15 ಯೂರೋ. ಅನೇಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳಲ್ಲೂ ಕಾನೂನು ಸಲಹೆ ಸಿಗುತ್ತದೆ.

ತಿಂಗಳುಗಳ ನಂತರ ಹಳದಿ ಲಕೋಟೆ ಬಂದರೆ ಅದು ವಕೀಲರದ್ದಲ್ಲ, ಕೋರ್ಟಿನದು. ಮಾನ್‌ಬೆಶೈಡ್ (ದುಡ್ಡು ಕಟ್ಟಿ ಎಂಬ ಕೋರ್ಟಿನ ಆದೇಶ) ಆಗಿದ್ದರೆ ಆಕ್ಷೇಪಣೆಗೆ ಇರುವುದು ಎರಡು ವಾರ. ಅದರೊಂದಿಗೇ ಬರುವ ಫಾರಂ ತುಂಬಿ ಕಳಿಸಿ. ಅದನ್ನೂ ಬಿಟ್ಟರೆ ಜಾರಿ ಆದೇಶ, ಅದರ ಮೇಲೂ ಎರಡೇ ವಾರ. ಆಮೇಲೆ 30 ವರ್ಷ ವಸೂಲಿಗೆ ಬರಬಹುದು. ಮನೆ ಬದಲಿಸಿದಾಗ ಅಂಚೆಪೆಟ್ಟಿಗೆಯ ಮೇಲಿನ ಹೆಸರು, ಅಂಚೆ ಮರುವಿಳಾಸ, ನಗರ ಕಚೇರಿಯ ನೋಂದಣಿ ಮೂರನ್ನೂ ಅದೇ ವಾರ ಸರಿಮಾಡಿ, ಯಾಕೆಂದರೆ ಹಳದಿ ಲಕೋಟೆಯನ್ನು ಪೆಟ್ಟಿಗೆಗೆ ಹಾಕಿದ ದಿನದಿಂದಲೇ ಎರಡು ವಾರ ಎಣಿಕೆಯಾಗುತ್ತದೆ.