ಪ್ರೊಪೆಲ್ಲರ್ ಶಾಫ್ಟ್‌ಗೆ ಅಳತೆ ತೆಗೆಯುವ ಮೊದಲು ಜೀಪನ್ನು ನೆಲಕ್ಕೆ ಇಳಿಸಿ

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಚಿಕ್ಕ ಗ್ಯಾರೇಜ್. ಬರುವುದು ಹೆಚ್ಚಾಗಿ ತೋಟದ ಜೀಪುಗಳೇ. ಹೋದ ಮಳೆಗಾಲದಲ್ಲಿ ಮಾದಾಪುರ ಕಡೆಯ ಸಾಹುಕಾರರೊಬ್ಬರು ತಮ್ಮ ಅಜ್ಜನ ಕಾಲದ ಮಹೀಂದ್ರಾ ಸಿಜೆ3ಬಿ ತಂದು ನಿಲ್ಲಿಸಿದರು. ಇಂಜಿನ್ ಹಳೆಯದೇ ಇರಲಿ, 3 ಗೇರಿನ ಬಾಕ್ಸ್ ತೆಗೆದು 5 ಗೇರಿನದ್ದು ಕೂರಿಸಿ, ಕೊಡವರ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಗಾಡಿ ಮನೆಯಂಗಳದಲ್ಲಿ ಇರಬೇಕು ಅಂದರು.

ಹೊಸ ಗೇರ್ ಬಾಕ್ಸ್ ಉದ್ದ ಜಾಸ್ತಿ. ಅದರ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸ್, ಅಂದರೆ ಇಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ಅಷ್ಟೇ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಆ ಶಕ್ತಿಯನ್ನು ತಿರುಗುತ್ತಾ ಚಕ್ರಗಳ ಕಡೆಗೆ ಒಯ್ಯುವುದೇ ಪ್ರೊಪೆಲ್ಲರ್ ಶಾಫ್ಟ್, ಮುಂದಕ್ಕೊಂದು, ಹಿಂದಕ್ಕೊಂದು. ಈ ಜೀಪಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವುದೇ 80 ಇಂಚು. ಹಾಗಾಗಿ ಮುಂದಿನ ಶಾಫ್ಟ್ ಉದ್ದ ಬೇಕಾಯಿತು, ಹಿಂದಿನದು ಗಿಡ್ಡ. ಗಿಡ್ಡ ಆದಷ್ಟೂ ಶಾಫ್ಟ್ ಕಡಿದಾಗಿ ಇಳಿಯುತ್ತದೆ. ತಪ್ಪಾಗುವುದು ಇಲ್ಲೇ. ನಾನೂ ಹಿಂದೆ ಒಮ್ಮೆ ತಪ್ಪಿದ್ದೇನೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿ ಮೂರನೇ ವರ್ಷ ಇರಬೇಕು. ಇಂಥದ್ದೇ ಒಂದು ಜೀಪು. ಕೆಳಗೆ ಮಲಗಿ ಕೆಲಸ ಮಾಡಲು ಸುಲಭ ಅಂತ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಎತ್ತಿದ್ದೆ. ಹಿಂದಿನ ಹೌಸಿಂಗ್ (ಚಕ್ರಗಳ ಆಕ್ಸಲ್ ಇರುವ ಕವಚ) ಪ್ಲೇಟ್ ಸೆಟ್‌ನಲ್ಲಿ, ಅಂದರೆ ಪಟ್ಟಿ ಸ್ಪ್ರಿಂಗಿನಲ್ಲಿ, ಜೋತು ಬಿದ್ದಿತ್ತು. ಹಾಗೇ ಟೇಪ್ ಹಿಡಿದು ಅಳತೆ ಬರೆದು ಲೇತ್‌ಗೆ ಕೊಟ್ಟೆ. ಅವರು ನಾನು ಬರೆದಷ್ಟೇ ಉದ್ದಕ್ಕೆ ಮಾಡಿಕೊಟ್ಟರು. ಖಾಲಿ ಗಾಡಿ ಚೆನ್ನಾಗಿಯೇ ಓಡಿತು. ಕಾಫಿ ಮೂಟೆ ಹೇರಿಕೊಂಡು ತೋಟದ ಹಳ್ಳ ಇಳಿಯುವಾಗ ಶಾಫ್ಟಿನ ಸ್ಪ್ಲೈನ್ (ಉದ್ದ ಹೆಚ್ಚುಕಡಿಮೆ ಆಗಲು ಒಂದರೊಳಗೊಂದು ಜಾರುವ ಹಲ್ಲಿನ ಭಾಗ) ಒಳಗೆ ಹೋಗಲು ಜಾಗವಿಲ್ಲದೆ ತಳಕ್ಕೆ ಗುದ್ದಿದೆ. ಆ ಪೆಟ್ಟೆಲ್ಲ ಟ್ರಾನ್ಸ್‌ಫರ್ ಕೇಸಿನ ಬೇರಿಂಗ್ ಮೇಲೆ. ಸೀಲ್ ಹೋಗಿ ಆಯಿಲ್ ಎಲ್ಲ ಸೋರಿ ಗಾಡಿ ಅಲ್ಲೇ ನಿಂತಿತು. ಬಿಚ್ಚಿ ನೋಡಿದ ನಮ್ಮ ಆಶಾನ್ (ಕೆಲಸದ ಗುರು) ಒಂದೇ ಮಾತು ಕೇಳಿದರು: "ಅಳೆಯುವಾಗ ಚಕ್ರ ನೆಲ ಮುಟ್ಟಿತ್ತಾ ಮೋನೇ?" ಮುಟ್ಟಿರಲಿಲ್ಲ.

ಈ ಸಲ ಗ್ಯಾರೇಜ್ ಒಳಗೆ ಅಳೆಯಲೇ ಇಲ್ಲ. ನಮ್ಮ ನೆಲ ಇಳಿಜಾರು. ಕೊಡಗಿನಲ್ಲಿ ಸಮತಟ್ಟು ಜಾಗ ಹುಡುಕುವುದೇ ಒಂದು ಕೆಲಸ ಅಲ್ವಾ? ಜೀಪನ್ನು ಪಿಕಪ್‌ಗೆ ಕಟ್ಟಿ ಎಳೆದುಕೊಂಡು ಸಾಹುಕಾರರ ತೋಟಕ್ಕೇ ಹೋದೆವು. ಕಾಫಿ ಒಣಗಿಸುವ ಸಿಮೆಂಟ್ ಕಣ ಮಳೆಗಾಲದಲ್ಲಿ ಖಾಲಿ ಇರುತ್ತದೆ. ನೀರು ಹರಿಯಲು ಅದಕ್ಕೂ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ನಿಜ. ಆದರೆ ಕೋನಗಳನ್ನೆಲ್ಲ ಗಾಡಿ ಕದಲಿಸದೆ ಒಂದೇ ಜಾಗದಲ್ಲಿ ಅಳೆದರೆ ಅವುಗಳ ನಡುವಿನ ವ್ಯತ್ಯಾಸ ಸರಿಯಾಗೇ ಸಿಗುತ್ತದೆ. ಅಳೆಯುವ ಮೊದಲು ಇಂಜಿನ್ ಮೌಂಟಿಂಗ್ ಹೊಸದು ಹಾಕಿ ಬಿಗಿದಿದ್ದೆವು. ಗೇರ್ ಬಾಕ್ಸಿನ ಕ್ರಾಸ್ ಮೆಂಬರ್ ಬೋಲ್ಟ್ ಆಗಿತ್ತು. ಟೈರಿಗೆ ಗಾಳಿ, ಸ್ಟೆಪ್ನಿ, ಸೀಟು, ಎಲ್ಲ ಇದ್ದೇ ಇತ್ತು.

ಉದ್ದಕ್ಕಿಂತ ಮೊದಲು ಕೋನ. ಈ ಕ್ರಮ ತುಂಬಾ ಮುಖ್ಯ. ಯಾಕೆ ಅಂದರೆ, ಶಾಫ್ಟಿನ ಎರಡೂ ತುದಿಯಲ್ಲಿ ಬಾಗಿ ತಿರುಗಲು ಇರುವ ಕ್ರಾಸ್ ಜಾಯಿಂಟ್ ಓರೆಯಾಗಿ ತಿರುಗುವಾಗ ಅದರಾಚೆಗಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಓರೆ ಇದ್ದರೆ ಈ ಏರುಪೇರು ಅಲ್ಲೇ ಸರಿಹೋಗುತ್ತದೆ. ಓರೆ ಬೇರೆ ಬೇರೆ ಆದರೆ ಉಳಿದ ನಡುಕ ಗೇರ್ ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಹೋಗುತ್ತದೆ. ಅದನ್ನು ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೋಗದು.

ಮ್ಯಾಗ್ನೆಟ್ ಇರುವ ಡಿಗ್ರಿ ಮೀಟರ್ ಇಟ್ಟು ನೋಡಿದೆವು. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 3 ಡಿಗ್ರಿ ತಗ್ಗಿತ್ತು. ಕ್ರಾಸ್ ಹಿಡಿಯುವ ಎರಡು ಯೋಕ್‌ಗಳ (ಕವೆಗಳ) ನಡುವೆ ಪಟ್ಟಿ ಹಿಡಿದರೆ ಶಾಫ್ಟಿನ ದಾರಿ 9 ಡಿಗ್ರಿ ಇಳಿಜಾರು. ಡಿಫರೆನ್ಷಿಯಲ್‌ನಿಂದ ಮುಂದಕ್ಕೆ ಚಾಚಿ ಶಾಫ್ಟಿಗೆ ಸೇರುವ ಪಿನಿಯನ್ ಮೂತಿ ಮಾತ್ರ 6 ಡಿಗ್ರಿ ಮೇಲೆ ನೋಡುತ್ತಿತ್ತು. ಅಂದರೆ ಮುಂದಿನ ಜಾಯಿಂಟ್‌ಗೆ 6, ಹಿಂದಿನದಕ್ಕೆ ಬರೀ 3. ಹೌಸಿಂಗ್‌ಗೂ ಪ್ಲೇಟ್ ಸೆಟ್‌ಗೂ ನಡುವೆ 4 ಡಿಗ್ರಿಯ ಕಬ್ಬಿಣದ ಬೆಣೆ ಕಟ್ ಮಾಡಿಸಿ ಕೂರಿಸಿದೆವು. ಪಿನಿಯನ್ 2 ಡಿಗ್ರಿಗೆ ಬಂತು. ಮೂತಿ ಕೆಳಗೆ ಬಂದಿದ್ದಕ್ಕೆ ಶಾಫ್ಟಿನ ಇಳಿಜಾರು 11 ಆಯಿತು. ಈಗ ಮುಂದೆ 8, ಹಿಂದೆ 9. ಆ ಒಂದು ಡಿಗ್ರಿ ಬೇಕೆಂದೇ ಬಿಟ್ಟಿದ್ದು. ಆಕ್ಸಿಲರೇಟರ್ ಒತ್ತಿದಾಗ ಪ್ಲೇಟ್ ಸೆಟ್ ತಿರುಚಿಕೊಂಡು ಪಿನಿಯನ್ ಮೂತಿ ಸ್ವಲ್ಪ ಮೇಲೇಳುತ್ತದೆ. ಆಗ ಎರಡೂ ಸಮ ಆಗುತ್ತವೆ. ಹೈವೇಯಲ್ಲಿ ಓಡುವ ಕಾರಿಗೆ 8, 9 ಡಿಗ್ರಿ ತುಂಬಾ ಜಾಸ್ತಿ, ಅಲ್ಲಿ 3ರ ಒಳಗೆ ಇರಬೇಕು. ತೋಟದಲ್ಲಿ ನಿಧಾನಕ್ಕೆ ಓಡುವ ಗಿಡ್ಡ ಜೀಪಿಗೆ ನಡೆಯುತ್ತದೆ. ಬೆಣೆ ಹಾಕುವ ಮೊದಲೇ ಉದ್ದ ಅಳೆದಿದ್ದರೆ ಆ ಲೆಕ್ಕ ದಂಡ ಆಗುತ್ತಿತ್ತು.

ಉದ್ದಕ್ಕೆ ನಾನು ಟೇಪ್ ನಂಬುವುದಿಲ್ಲ. ಗಾಡಿ ಕೆಳಗೆ ಓರೆಯಾಗಿ ಹಿಡಿದಾಗ ಟೇಪ್ ಬಾಗುತ್ತದೆ, ಕೊಕ್ಕೆ ಅಲ್ಲಾಡುತ್ತದೆ. ಬಿದಿರಿನ ಎರಡು ಸೀಳು ತಗೊಂಡು ಒಂದರ ಮೇಲೊಂದು ಜಾರುವ ಹಾಗೆ ಹಿಡಿದು, ಎರಡೂ ತುದಿ ಸರಿಯಾಗಿ ತಾಗಿದಾಗ ನಡುವೆ ಕ್ಲಾಂಪ್ ಹಾಕುತ್ತೇವೆ. ಹೊರಗೆ ತಂದು ಬೆಳಕಿನಲ್ಲಿ ಸ್ಟೀಲ್ ಸ್ಕೇಲ್ ಮೇಲೆ ಇಟ್ಟು ಓದುವುದು. ಹಳೆ ಕ್ರಾಸ್‌ಗಳನ್ನು ಎರಡೂ ಯೋಕ್‌ಗಳಲ್ಲಿ ಕೂರಿಸಿ ಯು ಬೋಲ್ಟ್ ಬಿಗಿದಿದ್ದೆವು. ಕ್ರಾಸಿನ ನಟ್ಟನಡು ಕಣ್ಣಳತೆಗೆ ಸಿಗುವುದಿಲ್ಲ. ಅದಕ್ಕೆ ಕ್ರಾಸಿನ ತುದಿಗೆ ಕೂರುವ ಬೇರಿಂಗ್ ಕಪ್‌ಗಳನ್ನು ಹಿಡಿದು, ಮುಂದಿನ ಕಪ್ಪಿನ ಹಿಂದಿನ ಅಂಚಿನಿಂದ, ಹಿಂದಿನ ಕಪ್ಪಿನ ಹಿಂದಿನ ಅಂಚಿಗೆ ಅಳೆಯಬೇಕು. ಎರಡೂ ಕಪ್ ಒಂದೇ ಸೈಜ್ ಇದ್ದರೆ ಇದೇ ನಡುವಿನಿಂದ ನಡುವಿಗೆ ಇರುವ ಅಳತೆ.

ಮೂರು ಸಲ ಅಳೆದೆವು. ಖಾಲಿ ಜೀಪು ಚಕ್ರದ ಮೇಲೆ ನಿಂತಾಗ 482 ಮಿಮೀ. 50 ಕೆಜಿಯ 8 ಗೊಬ್ಬರದ ಮೂಟೆ ಹಿಂದೆ ಪೇರಿಸಿದಾಗ 471. ಜಾಕ್ ಕೊಟ್ಟು ಹೌಸಿಂಗ್ ಪೂರ್ತಿ ಜೋತು ಬಿದ್ದಾಗ 504. ಆ 504ರ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅವತ್ತು ನಾನು ಬರೆದುಕೊಟ್ಟಿದ್ದು ಇಂಥದ್ದೇ ಅಳತೆ.

ಲೇತ್‌ನವರಿಗೆ ರಟ್ಟಿನ ಮೇಲೆ ಚಿತ್ರ ಬಿಡಿಸಿಕೊಟ್ಟೆ. ಖಾಲಿ ನಿಂತಾಗ 482, ಆ ಸ್ಥಿತಿಯಲ್ಲಿ ಸ್ಪ್ಲೈನ್ ಒಳಗೆ ಹೋಗಲು 25 ಮಿಮೀ ಜಾಗ, ಹೊರಗೆ ಬರಲು 50. ಜೊತೆಗೆ ಕ್ರಾಸಿನ ಕಪ್ಪಿನ ಅಡ್ಡಳತೆ, ಎದುರುಬದುರು ಕಪ್‌ಗಳ ಹೊರ ಅಳತೆ. ಎಲ್ಲ ಮಿಲಿಮೀಟರ್‌ನಲ್ಲೇ. ಇಂಚು, ಮಿಲಿಮೀಟರ್ ಬೆರೆಸಿ ಬರೆದ ಚೀಟಿಯಿಂದ ಕೆಟ್ಟ ಶಾಫ್ಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಬೆಸುಗೆ ಆದಮೇಲೆ ಮೈಸೂರಿನಲ್ಲಿ ಬ್ಯಾಲೆನ್ಸ್ ಮಾಡಿಸಿ ತಂದೆವು.

ಜೋಡಿಸುವಾಗ ಒಂದು ಎಡವಟ್ಟು ಆಗುವುದರಲ್ಲಿತ್ತು. ಗ್ರೀಸ್ ಹಾಕಲು ನಮ್ಮ ಹುಡುಗ ಸ್ಪ್ಲೈನ್ ಬಿಚ್ಚಿ, ಒಂದು ಹಲ್ಲು ಆಚೆ ಕೂರಿಸಿದ್ದ. ಎರಡೂ ತುದಿಯ ಯೋಕ್ ಒಂದೇ ಸಾಲಿನಲ್ಲಿ ಇರಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಏರುಪೇರು ಒಂದನ್ನೊಂದು ಅಳಿಸುವುದಿಲ್ಲ. ಎರಡು ಭಾಗಕ್ಕೂ ಬಿಳಿ ಪೇಂಟಿನ ಬಾಣ ಹಾಕಿದ್ದರಿಂದ ತಕ್ಷಣ ಕಣ್ಣಿಗೆ ಬಿತ್ತು.

ಗುಡ್ಡೆಹೊಸೂರು ದಾಟಿ ಕುಶಾಲನಗರದ ಕಡೆ ಸಮ ರಸ್ತೆಯಲ್ಲಿ 60ಕ್ಕೆ ಓಡಿಸಿ ನೋಡಿದೆ. ಆಕ್ಸಿಲರೇಟರ್ ಒತ್ತಿದೆ, ಬಿಟ್ಟೆ. ನಡುಕ ಇಲ್ಲ. ಸಾಹುಕಾರರು ಹಬ್ಬಕ್ಕೆ ನಾಲ್ಕು ದಿನ ಇರುವಾಗ ಗಾಡಿ ತಗೊಂಡು ಹೋದರು.

ಕಾಫಿ ಕುಯ್ಲು ಮುಗಿದ ಮೇಲೆ ಜೀಪು ಗ್ರೀಸ್‌ಗೆ ಬಂತು. ಕೆಳಗೆ ಹೋಗಿ ಮೊದಲು ನೋಡಿದ್ದು ಸ್ಪ್ಲೈನನ್ನು. ಉಜ್ಜಿ ಹೊಳೆಯುವ ಗುರುತು ಎಲ್ಲಿಯವರೆಗೆ ಇದೆಯೋ ಶಾಫ್ಟ್ ಅಲ್ಲಿಯವರೆಗೆ ಜಾರಿದೆ ಅಂತ ಅರ್ಥ. ಒಳಗಡೆಗೆ ಹೊಳಪು 13 ಮಿಮೀಗೆ ನಿಂತಿತ್ತು. ಅದರಾಚೆ 12 ಮಿಮೀ, ಜೋಡಿಸುವಾಗ ನಾವು ಹಚ್ಚಿದ ಗ್ರೀಸ್ ಹಾಗೇ ಇತ್ತು.